ಬರಹಗಾರರಿಗೆ ಸಲಹೆ: ಯುದ್ಧ ಮುಗಿದ ಮೇಲೆ ಆಕೆ ಏನಾದಳು?

ಮಾನ್ಯರೆ,

‘ರಣರಂಗದ ವೀರವನಿತೆಯರು’ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ನಿಮ್ಮ ಭಾಷೆ ಶುದ್ಧವಾಗಿದೆ, ವಿಷಯದ ಮೇಲಿನ ಕಾಳಜಿಯೂ ನಿಜವಾದದ್ದು. ಆದರೆ ಒನಕೆ ಓಬವ್ವನಿಂದ ಹೊರಟು ರಷ್ಯಾ, ಅಮೆರಿಕ, ಬಾಂಗ್ಲಾದೇಶ, ರುವಾಂಡ, ಲೈಬೀರಿಯಾಗಳನ್ನು ಒಂದೊಂದೇ ಪ್ಯಾರಾದಲ್ಲಿ ದಾಟುವಾಗ ನೀವು ಎಲ್ಲ ದೇಶದ ಹೆಂಗಸರಿಗೂ ಕೆಚ್ಚೆದೆ, ತ್ಯಾಗ, ಸಹನೆ ಎಂಬ ಅದೇ ಮೂರು ಮಾತುಗಳನ್ನು ಹಂಚಿದ್ದೀರಿ. ದೇಶದ ಹೆಸರನ್ನು ಅದಲುಬದಲು ಮಾಡಿದರೂ ಯಾವ ವಾಕ್ಯಕ್ಕೂ ಧಕ್ಕೆಯಾಗುವುದಿಲ್ಲ. ಇದೇ ನನ್ನ ಮೊದಲ ತಕರಾರು.

ಎರಡನೆಯದು ಇನ್ನೂ ಗಂಭೀರವಾದದ್ದು. ನಿಮ್ಮ ಲೇಖನದ ಹೆಂಗಸರು ಯುದ್ಧ ಶುರುವಾದಾಗ ಕಾಣಿಸಿಕೊಂಡು, ಅದು ಮುಗಿದ ಕೂಡಲೇ ಇಲ್ಲವಾಗುತ್ತಾರೆ. ಅಲ್ಲಿ ಅವರು ಮಾಡಿದ ಕೆಲಸವೇನು, ಆ ಕೆಲಸಕ್ಕೆ ಮುಂದೆ ಸಿಕ್ಕಿದ್ದೇನು ಎಂಬ ಪ್ರಶ್ನೆಗಳನ್ನು ನೀವು ಕೇಳಿಯೇ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಸೋವಿಯತ್ ಒಕ್ಕೂಟದ ವೈಮಾನಿಕ ಮಹಿಳೆಯರನ್ನೇ ನೋಡಿ. ಅವರು ‘ಸಿಡಿಲಿನಂತೆ ಎರಗುವ ಯುದ್ಧವಿಮಾನಗಳನ್ನು’ ಹಾರಿಸಿದರೆಂದು ಬರೆದಿದ್ದೀರಿ. ಮರೀನಾ ರಾಸ್ಕೋವಾ 1941ರಲ್ಲಿ ಕಟ್ಟಿದ ಮೂರು ಪಡೆಗಳಲ್ಲೊಂದಾದ 588ನೇ ರಾತ್ರಿ ಬಾಂಬರ್ ರೆಜಿಮೆಂಟಿನ ಹುಡುಗಿಯರಿಗೆ ಸಿಕ್ಕಿದ್ದು ಪಿಒ-2 ಎಂಬ, ಮರದ ಚೌಕಟ್ಟಿಗೆ ಬಟ್ಟೆ ಬಿಗಿದ, ತರಬೇತಿಗೂ ಹೊಲಗಳಿಗೆ ಔಷಧಿ ಸಿಂಪಡಿಸುವುದಕ್ಕೂ ಬಳಸುತ್ತಿದ್ದ ನಿಧಾನಗತಿಯ ವಿಮಾನ. ಮೇಲೆ ಮುಚ್ಚಳವಿಲ್ಲದ ಆಸನಗಳಲ್ಲಿ ಒಬ್ಬರ ಹಿಂದೊಬ್ಬರು ಕುಳಿತು, ಹೆಚ್ಚು ಬಾಂಬುಗಳನ್ನು ಒಯ್ಯಲಾಗದ ಕಾರಣ ಒಂದೇ ರಾತ್ರಿ ಹಲವು ಬಾರಿ ಹೋಗಿಬರುತ್ತಿದ್ದರು. ಗುರಿ ಸಮೀಪಿಸಿದಾಗ ಎಂಜಿನ್ನಿನ ಸದ್ದಡಗಿಸಿ ಕತ್ತಲಲ್ಲಿ ತೇಲುತ್ತ ಇಳಿಯುತ್ತಿದ್ದರು. 1944ರವರೆಗೆ ಅವರ ಬಳಿ ಪ್ಯಾರಾಚೂಟ್ ಕೂಡ ಇರಲಿಲ್ಲ. ಇಷ್ಟನ್ನು ಹೇಳಿದರೆ ‘ಕೆಚ್ಚೆದೆ’ ಎಂಬ ಮಾತನ್ನು ನೀವು ಬರೆಯಬೇಕಾಗಿಯೇ ಇಲ್ಲ, ಓದುಗರೇ ಅಲ್ಲಿಗೆ ಬರುತ್ತಾರೆ.

ಅದೇ ಯುದ್ಧಕಾಲದ ಅಮೆರಿಕದ ಭಾಗದಲ್ಲಿ ‘ರೋಸಿ’ಯನ್ನು ಒಬ್ಬ ಕಾರ್ಖಾನೆ ಕಾರ್ಮಿಕಳ ನಿಜಜೀವನದ ಕತೆಯೆಂಬಂತೆ ನಿರೂಪಿಸಿದ್ದೀರಿ. ಆಕೆ ಹಾಡಿನಿಂದಲೂ ಚಿತ್ರಗಳಿಂದಲೂ ಹುಟ್ಟಿದ ಪ್ರಚಾರದ ಪಾತ್ರ. ನಿಜವಾದ ಹೆಂಗಸರೇ ಬೇಕೆಂದರೆ, ಕಾರ್ಖಾನೆಯಿಂದ ಹೊರಬಂದ ಸೇನಾ ವಿಮಾನಗಳನ್ನು ನೆಲೆಗಳಿಗೆ ಮುಟ್ಟಿಸುತ್ತಿದ್ದ ಮಹಿಳಾ ಪೈಲಟ್‌ಗಳಿದ್ದಾರೆ. ಅವರಲ್ಲಿ 38 ಮಂದಿ ಕೆಲಸದಲ್ಲೇ ಸತ್ತರು. ಕಾಗದದಲ್ಲಿ ಅವರು ಸೈನಿಕರಲ್ಲದ ಕಾರಣ ಶವವನ್ನು ಊರಿಗೆ ಕಳುಹಿಸುವ ಖರ್ಚು ಮನೆಯವರ ಮತ್ತು ಗೆಳತಿಯರ ಪಾಲಿಗೆ ಬಂತು. ಬದುಕುಳಿದವರಿಗೆ ಮಾಜಿ ಸೈನಿಕರೆಂಬ ಮಾನ್ಯತೆ ಸಿಗಲು 1977ರವರೆಗೆ ಕಾಯಬೇಕಾಯಿತು.

ರುವಾಂಡದ ಹೆಂಗಸರನ್ನು ನೀವು ‘ಮೂಕವೇದನೆಯ ಪ್ರತಿಮೆಗಳು’ ಎಂದಿರುವುದನ್ನು ಮಾತ್ರ ನಾನು ಒಪ್ಪಲಾರೆ. 1994ರ ನರಮೇಧದ ನಂತರ, ತಾಬಾ ಎಂಬಲ್ಲಿನ ಆಡಳಿತ ಮುಖ್ಯಸ್ಥನಾಗಿದ್ದ ಜೀನ್ ಪಾಲ್ ಅಕಾಯೆಸುವಿನ ವಿಚಾರಣೆಯನ್ನು ಅಂತರರಾಷ್ಟ್ರೀಯ ನ್ಯಾಯಮಂಡಳಿ ಟಾಂಜಾನಿಯಾದ ಅರುಷಾದಲ್ಲಿ ಆರಂಭಿಸಿದಾಗ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಪ್ರಸ್ತಾಪವೇ ಇರಲಿಲ್ಲ. ಸಾಕ್ಷಿ ನುಡಿಯಲು ಬಂದ ಒಬ್ಬ ತಾಯಿ ತನ್ನ ಆರು ವರ್ಷದ ಮಗಳ ಮೇಲೆ ಅತ್ಯಾಚಾರ ನಡೆದುದನ್ನು ನ್ಯಾಯಾಲಯದಲ್ಲಿ ಹೇಳಿದಳು. ಪೀಠದಲ್ಲಿದ್ದ ಏಕೈಕ ಮಹಿಳೆ, ದಕ್ಷಿಣ ಆಫ್ರಿಕಾದ ನವನೀತಂ ಪಿಳ್ಳೆ ಅವರೂ ಸಹನ್ಯಾಯಾಧೀಶರೂ ಆ ಮಾತನ್ನು ಅಲ್ಲಿಗೇ ಬಿಡದೆ ಪ್ರಶ್ನಿಸಿದರು. ಮತ್ತೊಬ್ಬ ಸಾಕ್ಷಿ ತನಗಾದುದನ್ನು ಹೇಳಿದಳು. 1997ರ ಜೂನ್‌ನಲ್ಲಿ ಆರೋಪಪಟ್ಟಿ ತಿದ್ದುಪಡಿಯಾಗಿ ಇನ್ನಷ್ಟು ಹೆಂಗಸರು ಕಟಕಟೆಗೆ ಬಂದರು. 1998ರ ಸೆಪ್ಟೆಂಬರ್ 2ರ ತೀರ್ಪು, ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದೆಂದು ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಮೊದಲ ಬಾರಿಗೆ ಹೇಳಿದ ತೀರ್ಪು. ಸುರಕ್ಷತೆಗಾಗಿ ಅದರಲ್ಲಿ ಆ ಹೆಂಗಸರ ಹೆಸರುಗಳಿಲ್ಲ, ‘ಜೆ’, ‘ಎಚ್’, ‘ಜೆಜೆ’ ಎಂಬ ಅಕ್ಷರಗಳಷ್ಟೇ ಇವೆ. ಜಗತ್ತಿನ ಕಾನೂನನ್ನು ತಮ್ಮ ಮಾತಿನಿಂದ ಬದಲಿಸಿದವರನ್ನು ಮೂಕರೆಂದು ಕರೆಯುವುದು ಅನ್ಯಾಯ.

ಬಾಂಗ್ಲಾದೇಶದ ಪ್ಯಾರಾದಲ್ಲಿ 1971ರ ವಿಮೋಚನಾ ಯುದ್ಧದಲ್ಲಿ ಲೈಂಗಿಕ ದೌರ್ಜನ್ಯಕ್ಕೊಳಗಾದವರ ಸಂಖ್ಯೆಯನ್ನು ನಾಲ್ಕು ಲಕ್ಷವೆಂದು ಖಚಿತವಾಗಿ ಬರೆದಿದ್ದೀರಿ. ಎರಡರಿಂದ ನಾಲ್ಕು ಲಕ್ಷವೆಂಬುದು ಅಂದಾಜು, ಅಂದಾಜೆಂದೇ ಬರೆಯಿರಿ. ಸರ್ಕಾರ ಕೊಟ್ಟ ‘ಬೀರಾಂಗನಾ’ (ವೀರವನಿತೆ) ಬಿರುದಿಗೆ ನಿಲ್ಲಿಸದೆ, ಅವರಲ್ಲಿ ಎಷ್ಟೋ ಮಂದಿಯನ್ನು ಸ್ವಂತ ಮನೆಯವರೇ ಸೇರಿಸಿಕೊಳ್ಳಲಿಲ್ಲವೆಂಬುದನ್ನೂ, ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಯಲ್ಲಿ ಅವರಿಗೆ ಜಾಗ ಸಿಗತೊಡಗಿದ್ದು 2015ರಲ್ಲಿ ಎಂಬುದನ್ನೂ ಹೇಳಿ.

ಲೈಬೀರಿಯಾದ ಭಾಗ ನಿಮ್ಮ ಲೇಖನದಲ್ಲೇ ಉತ್ತಮವಾದದ್ದು. ಮನ್ರೋವಿಯಾದ ಮೀನು ಮಾರುಕಟ್ಟೆಯ ಪಕ್ಕದ ಬಯಲಿನಲ್ಲಿ, ಬಿಳಿ ಅಂಗಿ ತೊಟ್ಟ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಬಿಸಿಲು ಮಳೆಯೆನ್ನದೆ ಕುಳಿತದ್ದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಆದರೆ ಕೊನೆಗೆ ಅವರು ‘ಕಣ್ಣೀರಿನಿಂದ ಗಂಡಸರ ಮನ ಕರಗಿಸಿದರು’ ಎಂದು ಮುಗಿಸಿ ಎಲ್ಲವನ್ನೂ ಕೆಡಿಸಿದ್ದೀರಿ. 2003ರಲ್ಲಿ ಘಾನಾದ ಅಕ್ರಾ ನಗರದಲ್ಲಿ ಲೈಬೀರಿಯಾದ ಅಂತರ್ಯುದ್ಧ ನಿಲ್ಲಿಸುವ ಶಾಂತಿ ಮಾತುಕತೆ ಎಳೆದಾಡುತ್ತಿದ್ದಾಗ ಅವರು ಸಭಾಂಗಣದ ಬಾಗಿಲಲ್ಲಿ ತೋಳಿಗೆ ತೋಳು ಹೆಣೆದು ಕುಳಿತು, ಒಪ್ಪಂದವಾಗದೆ ಯಾರನ್ನೂ ಹೊರಗೆ ಬಿಡುವುದಿಲ್ಲವೆಂದರು. ಬಂಧಿಸಲು ಬಂದ ಕಾವಲುಗಾರರೆದುರು ಅವರ ನಾಯಕಿ ಲೇಮಾ ಬೋವೀ ತನ್ನ ಬಟ್ಟೆ ಕಳಚಲು ಮುಂದಾದಾಗ, ತಾಯಿಯಾದವಳನ್ನು ಹಾಗೆ ನೋಡುವುದು ಶಾಪವೆಂದು ನಂಬುವ ಆ ಗಂಡಸರು ಹಿಂದೆ ಸರಿದರು. ಆಗಸ್ಟ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಇದು ಲೆಕ್ಕ ಹಾಕಿ ನಡೆಸಿದ ರಾಜಕೀಯ ಕ್ರಿಯೆ. ಇದರಲ್ಲಿ ಕಣ್ಣೀರಿನ ಪಾಲು ಬಹಳ ಕಡಿಮೆ.

ಓಬವ್ವನನ್ನು ಬಿಟ್ಟುಬಿಡಿ. ಆಕೆಯ ಮೇಲೆ ನನಗಿರುವ ಗೌರವ ಕಡಿಮೆಯದ್ದಲ್ಲ, ಆದರೆ ತಾಬಾದ ತಾಯಿಯನ್ನು ಅರಿಯಲು ಕನ್ನಡದ ಓದುಗರಿಗೆ ಚಿತ್ರದುರ್ಗದ ಕಿಂಡಿಯೇ ಬೇಕೆಂದಿಲ್ಲ. ರುವಾಂಡ ಮತ್ತು ಲೈಬೀರಿಯಾ ಎರಡನ್ನೇ ಉಳಿಸಿಕೊಂಡು, ಪ್ರತಿ ಅಂಕಿಯ ಮೂಲವನ್ನು ನಮಗಾಗಿ ಪ್ರತ್ಯೇಕ ಹಾಳೆಯಲ್ಲಿ ಬರೆದು, ಲೇಖನವನ್ನು ಹೊಸದಾಗಿ ಕಳುಹಿಸಿ. ಅದಕ್ಕೆ ನಾಲ್ಕು ಪುಟ ಬೇಕಾದರೂ ಕೊಡುತ್ತೇನೆ.

ವಂದನೆಗಳೊಂದಿಗೆ,
ಸಂಪಾದಕ