ಠಾಣೆಯವರು ವಾಪಸ್ ಕಳಿಸಿದರೆ ಕಾನೂನು ಇಲ್ಲ ಅಂತಲ್ಲ

ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. 'ಇವನು ನಕಲಿ ಹತ್ತಿ ಬೀಜ ಮಾರುತ್ತಾನೆ' ಎಂದು ಯಾರೋ ಫೋಟೊ ಸಮೇತ ಫೇಸ್‌ಬುಕ್‌ಗೆ ಹಾಕಿದ್ದಾರೆ. ಅದು ರೈತರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೂ ಓಡಾಡಿದೆ. ಠಾಣೆಯಲ್ಲಿ 'ಕೋರ್ಟಿಗೆ ಹೋಗಿ' ಎಂದರಂತೆ. ಐಟಿ ಕಾಯ್ದೆಯ 66ಎ (ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದವರ ಮೇಲಿನ ಸೆಕ್ಷನ್) ಕೇಸ್ ಹಾಕಬಹುದಾ, ಗ್ರೂಪ್ ಅಡ್ಮಿನ್‌ನನ್ನೂ ಸೇರಿಸಬಹುದಾ ಎಂದು ಕೇಳಿದ್ದಾರೆ.

ಠಾಣೆಯವರು ಹೇಳಿದ್ದು ಸುಳ್ಳಲ್ಲ ಸ್ವಾಮಿ. ಮಾನನಷ್ಟಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೀವೇ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಕೊಡಬೇಕು. ಹಿಂದೆ ಐಪಿಸಿ 499, 500 ಅಂತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಆಗಿದೆ. ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ದಂಡ, ಇಲ್ಲವೇ ಸಮುದಾಯ ಸೇವೆ. 66ಎ ಮರೆತುಬಿಡಿ, ಸುಪ್ರೀಂ ಕೋರ್ಟ್ ಅದನ್ನು 2015ರಲ್ಲೇ ರದ್ದು ಮಾಡಿದೆ. ಆದರೆ ಪೋಸ್ಟ್ ತೆಗೆಯಲು ದುಡ್ಡು ಕೇಳಿದ್ದರೆ ಅದು ಸುಲಿಗೆ. ಆಗ ಪೊಲೀಸರು ದೂರು ತಗೊಳ್ಳಲೇಬೇಕು.

ಸಿವಿಲ್ ದಾವೆಯಲ್ಲಿ ತಡೆಯಾಜ್ಞೆ, ಪರಿಹಾರ ಎರಡನ್ನೂ ಕೇಳಬಹುದು. ಪರಿಹಾರ ಕೇಳಲು ಪೋಸ್ಟ್ ಬಂದ ದಿನದಿಂದ ಒಂದೇ ವರ್ಷ ಗಡುವು. ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು, ಹಾಗಾಗಿ ಸಿಟ್ಟಿನಲ್ಲಿ ಸುಮ್ನೆ ಕೋಟಿ ಬರೆಸಬೇಡಿ!

ಪೋಸ್ಟ್ ಹಾಕಿದವನ ಜೊತೆ ಜಗಳಕ್ಕೆ ಇಳಿಯುವ ಮೊದಲು ಸಾಕ್ಷಿ ಹಿಡಿದಿಟ್ಟುಕೊಳ್ಳಿ. ಜಗಳ ಆದ ಮೇಲೆ ಅವನು ಅಳಿಸಿಬಿಡ್ತಾನೆ. ಲಿಂಕು, ತಾರೀಖು, ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಆ ಫೋನು ಮಾರಬೇಡಿ. ಕೋರ್ಟಿಗೆ ಪ್ರಿಂಟ್ ಕೊಡುವಾಗ, ಅದು ಯಾವ ಫೋನಿನಿಂದ ಹೇಗೆ ಬಂತು ಎಂದು ಹೇಳುವ ಪ್ರಮಾಣಪತ್ರವೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಬೇಕು. ಇಷ್ಟಾದ ಮೇಲೆ ಫೇಸ್‌ಬುಕ್‌ನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರು ಒಪ್ಪದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಕೋರ್ಟಿಗಿಂತ ಇದು ಅಗ್ಗ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಪೋಸ್ಟ್ ಹಾಕಿದವನು ನಿಮ್ಮ ಗಿರಾಕಿಯೇ ಅಲ್ವಾ ಎಂದು ಮೊದಲು ನೋಡಿ. 'ಇವರಲ್ಲಿ ತಂದ ಬೀಜ ಮೊಳೆಯಲಿಲ್ಲ, ಲಾಸ್ ಆಯ್ತು' ಎಂದು ರೈತ ನಿಜ ಹೇಳಿಕೊಂಡರೆ ಅದು ಮಾನನಷ್ಟ ಆಗಲ್ಲ. ಜನರ ಒಳಿತಿಗಾಗಿ ಹೇಳಿದ ಸತ್ಯಕ್ಕೆ 356ರಲ್ಲೇ ವಿನಾಯಿತಿ ಇದೆ. 'ನಕಲಿ ಮಾರುತ್ತಾನೆ' ಎಂಬುದು ಬೇರೆ ಮಾತು, ಅದಕ್ಕೆ ಪುರಾವೆ ಬೇಕು. ಅದು ಸುಳ್ಳೆಂದು ತೋರಿಸಲು ನಿಮ್ಮ ಹತ್ತಿರವೂ ಕಂಪನಿ ಬಿಲ್ಲು, ಲಾಟ್ ನಂಬರು, ಸ್ಟಾಕ್ ಪುಸ್ತಕ ಸರಿಯಾಗಿರಲಿ. ಆ ಕಾಗದಗಳಿಲ್ಲದೆ ವಕೀಲರ ನೋಟಿಸ್ ಕಳಿಸಿದರೆ, ಬೆಳೆ ಹೋದವನನ್ನೇ ಹೆದರಿಸಿದ ಹಾಗೆ ಕಾಣುತ್ತದೆ.

ಅಡ್ಮಿನ್ ವಿಷಯ: ಬರೀ ಅಡ್ಮಿನ್ ಆದ ಮಾತ್ರಕ್ಕೆ ಸದಸ್ಯರ ಪೋಸ್ಟಿಗೆ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ತಾನೇ ಬರೆದಿದ್ದರೆ, ಫಾರ್ವರ್ಡ್ ಮಾಡಿದ್ದರೆ ಮಾತ್ರ ಅವನ ಹೆಸರು ಸೇರಿಸಿ.

– ಸಂ.