ಓದುಗರ ಪ್ರಶ್ನೆ: ಜನಾಂಗ ಇರುವುದು ಮೈಯಲ್ಲೋ, ಕಾಗದದಲ್ಲೋ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದೆ. ಆಸ್ಪತ್ರೆಯವರು ಕೊಟ್ಟ ಅರ್ಜಿಯಲ್ಲಿ 'ರೇಸ್' ಎಂಬ ಕಲಂ ಇತ್ತು. ಮಗಳು 'ಏಷ್ಯನ್' ಎಂಬಲ್ಲಿ ಗುರುತು ಹಾಕಿದಳು. ಜನಾಂಗವೆಂಬುದು ದೇಹದಲ್ಲಿಲ್ಲ, ಸಮಾಜ ಕಟ್ಟಿಕೊಂಡದ್ದು ಎಂದು ಅಳಿಯಂದಿರು ವಾದಿಸುತ್ತಾರೆ. ಕರಿಯರೂ ಬಿಳಿಯರೂ ಕಣ್ಣೆದುರಿಗೇ ಇರುವಾಗ ಇಲ್ಲವೆನ್ನುವುದು ಹೇಗೆ?
– ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ನೀವು ಕಣ್ಣಾರೆ ಕಂಡದ್ದು ಸುಳ್ಳಲ್ಲ. ಮೈಬಣ್ಣ ತಂದೆತಾಯಿಯರಿಂದ ವಂಶವಾಹಿಗಳ ಮೂಲಕವೇ ಬರುತ್ತದೆ. ಬಿಸಿಲು ತೀಕ್ಷ್ಣವಾಗಿರುವ ಕಡೆ ದೇಹದ ಫೋಲೇಟ್ ಎಂಬ ಜೀವಸತ್ವ ನಾಶವಾಗದಂತೆ ಕಪ್ಪು ಬಣ್ಣ ಕಾಯುತ್ತದೆ. ಬಿಸಿಲು ಕಡಿಮೆಯಿರುವ ಕಡೆ ವಿಟಮಿನ್ ಡಿ ತಯಾರಾಗಲು ತಿಳಿ ಬಣ್ಣ ಅನುಕೂಲ. ತಕರಾರು ಇರುವುದು ಅದರ ಮುಂದಿನ ಮಾತಿನಲ್ಲಿ, ಅಂದರೆ ಬಣ್ಣ ನೋಡಿ ಮನುಷ್ಯರನ್ನು ನಾಲ್ಕೈದು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೂ ಬೇರೆ ರಕ್ತ, ಬೇರೆ ಬುದ್ಧಿ ಇದೆಯೆಂದು ನಂಬುವುದರಲ್ಲಿ. ನೈಲ್ ನದಿಯ ದಂಡೆ ಹಿಡಿದು ಸಮುದ್ರದಿಂದ ವಿಕ್ಟೋರಿಯಾ ಸರೋವರದವರೆಗೆ ನಡೆದರೆ ಜನರ ಬಣ್ಣ ಊರಿಂದೂರಿಗೆ ತುಸು ತುಸುವೇ ಗಾಢವಾಗುತ್ತ ಹೋಗುತ್ತದೆಯೇ ಹೊರತು, ಒಂದು ಜನಾಂಗ ಇಲ್ಲಿಗೆ ಮುಗಿಯಿತು ಎನ್ನಬಹುದಾದ ಹಳ್ಳಿಯೊಂದು ಸಿಗುವುದಿಲ್ಲ. ಸಾಲೊಮನ್ ದ್ವೀಪವಾಸಿಗಳು ಆಫ್ರಿಕದವರಷ್ಟೇ ಕಪ್ಪಗಿದ್ದರೂ ವಂಶವಾಹಿಗಳನ್ನು ನೋಡಿದರೆ ಪೂರ್ವ ಏಷ್ಯದವರಿಗೇ ಹೆಚ್ಚು ಹತ್ತಿರದವರು. 1972ರಲ್ಲಿ ರಿಚರ್ಡ್ ಲೆವೊಂಟಿನ್ ಎಂಬ ವಿಜ್ಞಾನಿ ರಕ್ತದ ಪ್ರೋಟೀನುಗಳನ್ನು ಆಧರಿಸಿ ಲೆಕ್ಕ ಹಾಕಿದಾಗ, ಮನುಷ್ಯರ ನಡುವಿನ ವ್ಯತ್ಯಾಸದಲ್ಲಿ ಶೇ. 85ರಷ್ಟು ಒಂದೇ ಸಮುದಾಯದ ಒಳಗೇ ಇತ್ತು; ಜನಾಂಗಗಳೆಂದು ಕರೆಸಿಕೊಂಡವುಗಳ ನಡುವೆ ಉಳಿದದ್ದು ಶೇ. 6ರ ಆಸುಪಾಸು.

ಹಾಗಾದರೆ ಗಡಿ ಹಾಕಿದವರು ಯಾರು? ಅಮೆರಿಕದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಕಾನೂನು ಮತ್ತು ನ್ಯಾಯಾಲಯ ಮಾಡಿದವು, ಮತ್ತು ಅದರ ಕಥೆಯಲ್ಲಿ ನಮ್ಮ ದೇಶದವರೂ ಬರುತ್ತಾರೆ. 1790ರ ಕಾಯ್ದೆಯ ಪ್ರಕಾರ ಹೊರಗಿನಿಂದ ಬಂದವರಲ್ಲಿ 'ಸ್ವತಂತ್ರ ಬಿಳಿಯ'ರಿಗೆ ಮಾತ್ರ ಪೌರತ್ವ ಸಿಗುತ್ತಿತ್ತು. 1870ರಲ್ಲಿ ಆಫ್ರಿಕ ಮೂಲದವರಿಗೂ ಅದನ್ನು ವಿಸ್ತರಿಸಿದರು. ನಡುವೆ ಸಿಕ್ಕಿಕೊಂಡವರು ಏಷ್ಯದವರು. ತಕಾವೊ ಒಜಾವಾ ಎಂಬ ಜಪಾನೀ ವ್ಯಕ್ತಿ ತನ್ನವರ ಚರ್ಮವೂ ಬೆಳ್ಳಗಿದೆಯೆಂದು ವಾದಿಸಿದಾಗ, 1922ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಚರ್ಮದ ಬಣ್ಣ ಅಳತೆಗೋಲಾಗದು, ಬಿಳಿಯನೆಂದರೆ ಕಕೇಷಿಯನ್ (ಯುರೋಪಿನವರನ್ನು ಸೇರಿಸಿ ಅಂದಿನ ಮಾನವಶಾಸ್ತ್ರಜ್ಞರು ಮಾಡಿದ್ದ ಗುಂಪು) ಎಂದು ತೀರ್ಪಿತ್ತಿತು. ಪಂಜಾಬಿನಿಂದ ಹೋಗಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನಾಗಿದ್ದ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣ ಅದರ ಬೆನ್ನಿಗೇ ಬಂತು. ಉತ್ತರ ಭಾರತದವರು ಕಕೇಷಿಯನ್ನರೆಂದು ಅಂದಿನ ಮಾನವಶಾಸ್ತ್ರಜ್ಞರೇ ಬರೆದಿದ್ದರಾದ್ದರಿಂದ, ಕೋರ್ಟು ಹೇಳಿದ ಮಾತನ್ನೇ ಹಿಡಿದು ತಾನೂ ಬಿಳಿಯನೆಂಬುದು ಅವರ ವಾದ. 1923ರ ಫೆಬ್ರವರಿಯಲ್ಲಿ, ಹಿಂದಿನ ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಅವರೇ ಇದನ್ನೂ ಬರೆದರು: ಶಾಸ್ತ್ರಜ್ಞರು ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳುವಳಿಕೆಯಲ್ಲಿ ಯಾರು ಬಿಳಿಯನೋ ಅವನೇ ಬಿಳಿಯ. ಮೂರು ತಿಂಗಳ ಅಂತರದಲ್ಲಿ ಅಳತೆಗೋಲೇ ಬದಲಾಯಿತು! ಥಿಂಡ್ ಕೂಡ ಆ ಗೆರೆಯೇ ತಪ್ಪೆಂದು ಹೇಳಲಿಲ್ಲ. ತಾನು ಮೇಲ್ಜಾತಿಯ ಆರ್ಯನೆಂದು ಗೆರೆಯ ಈಚೆ ನಿಲ್ಲಲು ನೋಡಿದರು. ಈ ಮಾತನ್ನು ನಾವು ಮುಚ್ಚಿಡಬಾರದು.

ತೀರ್ಪಿನ ನಂತರ, ಆಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವ ರದ್ದಾಯಿತು. ಅವರಲ್ಲಿ ಒಬ್ಬರಾದ, ಕ್ಯಾಲಿಫೋರ್ನಿಯದಲ್ಲಿ ಅಂಗಡಿ ನಡೆಸುತ್ತಿದ್ದ ವೈಷ್ಣೋ ದಾಸ್ ಬಗಾಯ್ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಅಲ್ಲಿನ ಜನಗಣತಿಯನ್ನು ನೋಡಿದರೆ ನಗು ಬರುತ್ತದೆ. 1920ರಿಂದ 1940ರವರೆಗಿನ ಮೂರು ಗಣತಿಗಳಲ್ಲಿ 'ಹಿಂದೂ' ಎಂಬುದೇ ಒಂದು ಜನಾಂಗ, ಸಿಖ್ಖರೂ ಮುಸ್ಲಿಮರೂ ಅದರೊಳಗೇ. 1970ರಲ್ಲಿ ಭಾರತೀಯರು ಬಿಳಿಯರಾದರು. 1980ರಲ್ಲಿ 'ಏಷ್ಯನ್ ಇಂಡಿಯನ್' ಆದರು. 1940ಕ್ಕೂ 1980ಕ್ಕೂ ಅಲ್ಲೇ ಬದುಕಿದ್ದ ಒಬ್ಬ ಮುದುಕ, ಮೈಯ ಒಂದು ಕೂದಲೂ ಬದಲಾಗದೆ, ಮೂರು ಜನಾಂಗಗಳನ್ನು ದಾಟಿ ಬಂದಂತಾಯಿತು.

ಇನ್ನು ನಮ್ಮ ಮಾತಿನಲ್ಲೇ ಒಂದು ತೊಡಕಿದೆ. ಮದುವೆಯ ಮಾತುಕತೆಯಲ್ಲಿ 'ನೀವು ಯಾವ ಜನಾಂಗ?' ಎಂದರೆ ಕೇಳುತ್ತಿರುವುದು ಜಾತಿಯನ್ನು. ಎರಡಕ್ಕೂ ಒಂದೇ ಪದ ಒದಗಿರುವುದು ಆಕಸ್ಮಿಕವಲ್ಲವೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಜಾತಿಯನ್ನೂ ಯಾವ ರಕ್ತಪರೀಕ್ಷೆಯೂ ತೋರಿಸಿಕೊಡದು, ಆದರೂ ಅದು ಮನೆ ಬಾಡಿಗೆಗೆ ಸಿಗುವುದನ್ನೂ ಸಿಗದಿರುವುದನ್ನೂ ನಿರ್ಧರಿಸುತ್ತದೆ. ನಿಮ್ಮ ಮಗಳು ಹಾಕಿದ ಗುರುತೂ ತಪ್ಪಲ್ಲ. ಯಾವ ಗುಂಪಿನ ಬಾಣಂತಿಯರಿಗೆ ಆರೈಕೆ ಕಡಿಮೆಯಾಗುತ್ತಿದೆಯೆಂದು ಲೆಕ್ಕ ಇಡಬೇಕಾದರೆ ಆ ಕಲಂ ಬೇಕು. ಅದು ಅವರ ರಕ್ತದ ವಿವರವಲ್ಲ, ಆ ಸಮಾಜ ಅವರನ್ನು ಕಾಣುವ ಬಗೆಯ ವಿವರ.

ಪ್ರಶ್ನೆ: ಕುಡುಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್ ಅನೀಮಿಯ) ಕರಿಯರ ಕಾಯಿಲೆಯೆಂದು ಓದಿದ್ದೇನೆ. ಹಾಗಿದ್ದರೆ ಜನಾಂಗ ದೇಹದಲ್ಲಿ ಇದ್ದಂತಾಯಿತಲ್ಲವೇ?
– ಬಿ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಆ ಕಾಯಿಲೆ ಮಲೇರಿಯಾದ ಜಾಡು ಹಿಡಿದು ಬಂದದ್ದು, ಬಣ್ಣದ ಜಾಡಲ್ಲ. ಆ ವಂಶವಾಹಿಯ ಒಂದೇ ಪ್ರತಿ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುವುದರಿಂದ, ಮಲೇರಿಯಾ ಹೆಚ್ಚಿದ್ದ ಕಡೆಯೆಲ್ಲ ಅದು ಉಳಿದುಕೊಂಡಿತು. ಆದ್ದರಿಂದ ಗ್ರೀಸಿನಲ್ಲಿಯೂ ಅರೇಬಿಯದಲ್ಲಿಯೂ ಅದು ಇದೆ. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಪತ್ತೆಯಾಯಿತು. ನಮ್ಮ ಚಾಮರಾಜನಗರದ ಆದಿವಾಸಿಗಳಲ್ಲೂ ಕಂಡುಬರುತ್ತದೆ.

ಜನಾಂಗವನ್ನು ದೇಹದೊಳಗೆ ಹುಡುಕುವ ಅಭ್ಯಾಸ ಜೀವಕ್ಕೇ ಎರವಾಗುವುದುಂಟು. ಮೂತ್ರಪಿಂಡದ ಸಾಮರ್ಥ್ಯವನ್ನು ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣದಿಂದ ಅಂದಾಜು ಮಾಡುವ, 2009ರಲ್ಲಿ ಬಂದ ಸೂತ್ರವೊಂದರಲ್ಲಿ ರೋಗಿ ಕರಿಯರಾಗಿದ್ದರೆ ಉತ್ತರವನ್ನು 1.159ರಿಂದ ಗುಣಿಸಬೇಕಿತ್ತು. ಅಮೆರಿಕದಲ್ಲಿ ಈ ಅಂಕಿ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಮೂತ್ರಪಿಂಡ ಕಸಿಯ ಸರದಿಯಲ್ಲಿ ಕಾಯುವ ಕಾಲ ಲೆಕ್ಕಕ್ಕೆ ಬರುತ್ತದೆ. ಬಿಳಿಯರಿಗೆ 18 ಬರುವ ಕಡೆ ಕರಿಯರಿಗೆ ಗುಣಿಸಿದ ಮೇಲೆ 21ರ ಹತ್ತಿರ ಬರುತ್ತಿತ್ತು, ಸರದಿ ತಪ್ಪುತ್ತಿತ್ತು. 2021ರಲ್ಲಿ ಅಲ್ಲಿನ ವೈದ್ಯ ಸಂಸ್ಥೆಗಳು ಈ ಗುಣಾಕಾರವನ್ನು ಕೈಬಿಡಲು ಹೇಳಿದವು, ಮತ್ತು 2023ರಿಂದ ಹೀಗೆ ತಡವಾದ ರೋಗಿಗಳ ಕಾಯುವಿಕೆಯನ್ನು ಹಿಂದಿನ ದಿನಾಂಕದಿಂದ ಎಣಿಸಲು ಆರಂಭಿಸಿದರು.