ಹೆಪ್ಪು ಹಾಕೋದು ಬೇರೆ, ಮೊಸರಾಗೋದು ಬೇರೆ

ಪ್ರಶ್ನೆ: ನಾನು ಸರ್ಕಾರಿ ಶಾಲೆಯೊಂದರಲ್ಲಿ 5ನೇ ತರಗತಿಗೆ ಕನ್ನಡ, ಪರಿಸರ ಅಧ್ಯಯನ ಎರಡನ್ನೂ ಪಾಠ ಮಾಡುತ್ತೇನೆ. ‘ಹಾಲು ಹೇಗೆ ಮೊಸರಾಗುತ್ತದೆ? ವಿವರಿಸಿ’ ಎಂದು ಬರೆಯಲು ಕೊಟ್ಟಿದ್ದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ‘ಹಾಲು ಕಾಯಿಸಬೇಕು, ಆರಲು ಬಿಡಬೇಕು, ಹೆಪ್ಪು ಹಾಕಿ ಮುಚ್ಚಿಡಬೇಕು’ ಎಂದು ಬರೆದರು. ಉಳಿದವರು ‘ಮೊಸರು ಬೆಳ್ಳಗಿರುತ್ತದೆ, ಆರೋಗ್ಯಕ್ಕೆ ಒಳ್ಳೆಯದು’ ಎಂದರು. ಇದು ವಿವರಣೆ ಅಲ್ಲ ಅಂತ ನನಗೆ ಗೊತ್ತು. ಆದರೆ ಯಾಕೆ ಅಲ್ಲ ಅಂತ ಮಕ್ಕಳಿಗೆ ಹೇಗೆ ತಿಳಿಸಲಿ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೇಡಂ, ಮೊದಲು ಮಕ್ಕಳ ಪರವಾಗಿ ಒಂದು ಮಾತು. ‘ವಿವರಿಸಿ’ ಅನ್ನುವ ಪದವನ್ನು ನಾವು ಎಲ್ಲದಕ್ಕೂ ಬಳಸಿ ಸವೆಸಿಬಿಟ್ಟಿದ್ದೇವೆ. ‘ನಿಮ್ಮೂರ ಜಾತ್ರೆಯನ್ನು ವಿವರಿಸಿ’ ಅಂದರೆ ವರ್ಣನೆ ಬೇಕು. ‘ಚಿತ್ರಾನ್ನ ಮಾಡುವ ಬಗೆ ವಿವರಿಸಿ’ ಅಂದರೆ ಮಾಡುವ ಕ್ರಮ ಬೇಕು. ‘ಗ್ರಹಣ ಹೇಗಾಗುತ್ತದೆ ವಿವರಿಸಿ’ ಅಂದರೆ ಕಾರಣ ಬೇಕು. ಒಂದೇ ಪದ, ಮೂರು ಬೇಡಿಕೆ. ಮಗು ತನಗೆ ಗೊತ್ತಿದ್ದದ್ದನ್ನು ಬರೆಯುತ್ತದೆ. ಅಮ್ಮ ಹೆಪ್ಪು ಹಾಕುವುದನ್ನು ದಿನಾ ನೋಡಿರುವ ಮಗು ಅದನ್ನೇ ಬರೆದರೆ ತಪ್ಪೇನು?

ಮಕ್ಕಳ ಬರವಣಿಗೆಯಲ್ಲೇ ನಿಮಗೆ ಬೇಕಾದ ಎರಡು ಮಾದರಿ ಸಿಕ್ಕಿದೆ. ಎರಡನ್ನೂ ಬೋರ್ಡಿನ ಮೇಲೆ ಬರೆಯಿರಿ. ಪಕ್ಕದಲ್ಲಿ ಮೂರನೆಯದನ್ನು ನೀವು ಬರೆಯಿರಿ:

‘ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರುತ್ತವೆ. ಹಾಲು ಉಗುರು ಬೆಚ್ಚಗಿದ್ದರೆ ಅವು ಬೇಗ ಬೇಗ ಹೆಚ್ಚುತ್ತವೆ. ಅವು ಹಾಲಿನಲ್ಲಿರುವ ಸಕ್ಕರೆಯನ್ನು ತಿಂದು ಹುಳಿಯನ್ನು ಹೊರಬಿಡುತ್ತವೆ. ಹುಳಿ ಹೆಚ್ಚಾದಾಗ ಹಾಲಿನ ಪ್ರೋಟೀನ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆದ್ದರಿಂದ ಹಾಲು ಗಟ್ಟಿಯಾಗಿ ಮೊಸರಾಗುತ್ತದೆ.’

ಈಗ ಮಕ್ಕಳಿಗೆ ಎರಡು ಆಟ ಆಡಿಸಿ. ಒಂದು, ಸಾಲುಗಳನ್ನು ಹಿಂದೆ ಮುಂದೆ ಮಾಡುವುದು. ‘ಮೊಸರು ಬೆಳ್ಳಗಿರುತ್ತದೆ, ಆರೋಗ್ಯಕ್ಕೆ ಒಳ್ಳೆಯದು’ ಅನ್ನುವುದನ್ನು ಹೇಗೆ ತಿರುಗಿಸಿದರೂ ಏನೂ ಆಗುವುದಿಲ್ಲ. ಅದು ವರ್ಣನೆ. ಉಳಿದೆರಡರಲ್ಲಿ ಸಾಲು ಅದಲು ಬದಲಾದರೆ ಕೆಲಸ ಕೆಡುತ್ತದೆ. ಇನ್ನೊಂದು ಆಟ, ಪ್ರತಿ ಸಾಲಿಗೂ ‘ಇದನ್ನು ಯಾರು ಮಾಡ್ತಾರೆ?’ ಅಂತ ಕೇಳುವುದು. ಕಾಯಿಸಬೇಕು, ಮುಚ್ಚಿಡಬೇಕು ಅನ್ನುವ ಕಡೆ ಉತ್ತರ ಅಮ್ಮ, ಅಜ್ಜಿ ಅಥವಾ ನಾನು. ಮೂರನೆಯದರಲ್ಲಿ ಮನುಷ್ಯರೇ ಇಲ್ಲ. ಪಾತ್ರೆ ಮುಚ್ಚಿ ಎಲ್ಲರೂ ಮಲಗಿದ ಮೇಲೆ ಒಳಗೆ ನಡೆಯುವ ಕಥೆ ಅದು. ಹೆಪ್ಪು ‘ಹಾಕುವುದು’ ನಾವು, ಮೊಸರು ‘ಆಗುವುದು’ ಅದರಷ್ಟಕ್ಕೆ ಅದು. ‘ಮಾಡು’ ಮತ್ತು ‘ಆಗು’ ಇವೆರಡರ ವ್ಯತ್ಯಾಸ ಐದನೇ ತರಗತಿಯ ಮಗುವಿಗೆ ಚೆನ್ನಾಗಿ ಗೊತ್ತು. ಅದನ್ನೇ ಹಿಡಿದುಕೊಳ್ಳಿ, ವ್ಯಾಖ್ಯಾನ ಬಾಯಿಪಾಠ ಮಾಡಿಸಬೇಡಿ.

ಸಾಧ್ಯವಾದರೆ ಮೂರು ಲೋಟ ಹಾಲು ಇಟ್ಟು ತೋರಿಸಿ. ಒಂದು ಉಗುರು ಬೆಚ್ಚಗಿನದು, ಹೆಪ್ಪು ಹಾಕಿದ್ದು. ಇನ್ನೊಂದು ಹಾಗೇ ಬೆಚ್ಚಗಿನದು, ಹೆಪ್ಪು ಇಲ್ಲದ್ದು. ಮೂರನೆಯದು ಕುದಿಯುತ್ತಿರುವಾಗಲೇ ಹೆಪ್ಪು ಹಾಕಿದ್ದು. ಕುದಿಯುವ ಹಾಲಿನಲ್ಲಿ ಬ್ಯಾಕ್ಟೀರಿಯಾ ಸಾಯುತ್ತವೆ, ಮೊಸರಾಗುವುದಿಲ್ಲ. (ಆ ಲೋಟವನ್ನು ನೀವೇ ನೋಡಿಕೊಳ್ಳಿ, ಮಕ್ಕಳ ಕೈಗೆ ಬೇಡ.) ಮರುದಿನ ಮೂರನ್ನೂ ನೋಡಿದ ಮಗುವಿಗೆ ‘ಯಾಕೆಂದರೆ’ ಅನ್ನುವ ಪದವನ್ನು ನೀವು ಹೇಳಿಕೊಡಬೇಕಾಗಿಲ್ಲ. ಚಳಿಗಾಲದಲ್ಲಿ ಅಜ್ಜಿ ಮೊಸರಿನ ಪಾತ್ರೆಗೆ ಬಟ್ಟೆ ಸುತ್ತಿ ಇಡುವುದು ಯಾಕೆ ಅಂತಲೂ ಕೇಳಿ. ಅಲ್ಲಿಂದ ಒಳ್ಳೆಯ ಒಂದು ಪ್ಯಾರಾ ಹುಟ್ಟುತ್ತದೆ.

ಬರೆಸುವಾಗ ಮಾತ್ರ ನೇರವಾಗಿ ‘ಈಗ ನೀವೇ ಬರೆಯಿರಿ’ ಅಂದುಬಿಡಬೇಡಿ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಭಾಷಾ ತಜ್ಞರಾದ ಜೆ.ಆರ್. ಮಾರ್ಟಿನ್, ಜೋನ್ ರಾಥರಿ ಮತ್ತು ಅವರ ಜೊತೆಗಾರರು ಇದರ ಬಗ್ಗೆ ತುಂಬಾ ಕೆಲಸ ಮಾಡಿದರು. ಶಾಲೆಯಲ್ಲಿ ಮಕ್ಕಳಿಂದ ಕಥೆ, ಅನುಭವ ಬರೆಸುತ್ತಾರೆ, ವಿಜ್ಞಾನ, ಸಮಾಜ ಪಾಠಗಳಿಗೆ ಬೇಕಾದ ಬರವಣಿಗೆಯನ್ನು ಕಲಿಸುವುದೇ ಇಲ್ಲ ಅನ್ನುವುದು ಅವರ ತಕರಾರು. ಅವರು ತೋರಿಸಿದ ದಾರಿ ಸರಳ. ಮೊದಲು ಒಂದು ಮಾದರಿಯನ್ನು ಬಿಡಿಸಿ ನೋಡುವುದು. ಆಮೇಲೆ ಟೀಚರ್ ಮತ್ತು ಮಕ್ಕಳು ಸೇರಿ ಬೋರ್ಡಿನ ಮೇಲೆ ಒಂದನ್ನು ಬರೆಯುವುದು. ಕೊನೆಗೆ ಮಗು ಒಂಟಿಯಾಗಿ ಬರೆಯುವುದು. ನಡುವಿನ ಹಂತವನ್ನೇ ನಾವು ಹಾರಿಬಿಡುತ್ತೇವೆ, ಅಲ್ವಾ? ನನ್ನ ಕೇಳಿದರೆ ಪೂರ್ತಿ ಒಂದು ಪೀರಿಯಡ್ ಅದಕ್ಕೇ ಕೊಡಿ. ಮಕ್ಕಳು ಹೇಳಲಿ, ನೀವು ಬರೆಯಿರಿ, ಸರಿಯಿಲ್ಲ ಅನ್ನಿಸಿದರೆ ಅಳಿಸಿ. ಟೀಚರ್ ಕೂಡ ಬರೆದದ್ದನ್ನು ಅಳಿಸುತ್ತಾರೆ ಅನ್ನುವುದು ಮಕ್ಕಳ ಕಣ್ಣಿಗೆ ಬೀಳಬೇಕು.

ಪ್ರಶ್ನೆ: ಮಗಳು 6ನೇ ತರಗತಿ. ‘ಮಳೆ ಹೇಗೆ ಬರುತ್ತದೆ’ ಎಂಬುದಕ್ಕೆ ‘ನೀರು ಕಾದು ಆವಿಯಾಗಿ ಮೇಲೆ ಹೋಗಿ ತಂಪಾಗಿ ಮೋಡವಾಗಿ ಮಳೆಯಾಗಿ ಸುರಿಯುತ್ತದೆ’ ಎಂದು ಬರೆದು ಪೂರ್ತಿ ಅಂಕ ತಂದಳು. ‘ಹಾಗಾದ್ರೆ ಆಗುಂಬೆಯಲ್ಲಿ ಅಷ್ಟು ಮಳೆ, ಚಳ್ಳಕೆರೆಯಲ್ಲಿ ಯಾಕಿಲ್ಲ ಪುಟ್ಟಿ?’ ಅಂದೆ. ‘ಅಲ್ಲಿ ಕಾಡಿಗೆ ನೀರು ಬೇಕಲ್ಲ, ಅದಕ್ಕೆ’ ಅಂದಳು. ಇವಳಿಗೆ ಅರ್ಥ ಆಗಿದೆಯೋ ಇಲ್ಲವೋ?
– ತಂದೆ, ಬೆಂಗಳೂರು

ಉತ್ತರ: ನಿಮ್ಮ ಮಗಳ ವಾಕ್ಯ ಅಪ್ಪಟ ಕನ್ನಡ. ಕಾದು, ಆಗಿ, ಹೋಗಿ ಅಂತ ಎಷ್ಟು ಕ್ರಿಯೆಗಳನ್ನು ಬೇಕಾದರೂ ಮಾಲೆಯ ಹಾಗೆ ಪೋಣಿಸಬಹುದು. ನಮ್ಮ ಭಾಷೆಯ ಸೊಗಸು ಅದು. ಆದರೆ ವಿವರಣೆ ಬರೆಯುವಾಗ ಅದೇ ಮೋಸ ಮಾಡುತ್ತದೆ. ‘ಎದ್ದು ಮುಖ ತೊಳೆದು ತಿಂಡಿ ತಿಂದು ಶಾಲೆಗೆ ಹೋದೆ’ ಅನ್ನುವುದೂ ಅದೇ ಮಾಲೆ. ಅಲ್ಲಿ ಮುಖ ತೊಳೆದದ್ದು ತಿಂಡಿಗೆ ಕಾರಣವಲ್ಲ. ಒಂದಾದ ಮೇಲೆ ಒಂದು ಆಯಿತು, ಅಷ್ಟೇ. ಮಳೆಯ ವಾಕ್ಯದಲ್ಲೂ ಯಾವುದರಿಂದ ಯಾವುದು ಆಯಿತು ಅನ್ನುವುದು ಕಾಣುವುದೇ ಇಲ್ಲ. ಅಂಕ ಕೊಟ್ಟವರಿಗೂ ಕಂಡಿಲ್ಲ, ಬಿಡಿ.

ಆ ವಾಕ್ಯವನ್ನು ಮಗಳ ಜೊತೆ ಕೂತು ಕತ್ತರಿಸಿ. ಪ್ರತಿ ಗಂಟಿನಲ್ಲೂ ನಿಂತು ಕೇಳಿ. ಮೇಲೆ ಹೋದರೆ ಯಾಕೆ ತಂಪಾಗಬೇಕು? ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದಾಗ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ತಣ್ಣಗಾದರೆ ಯಾಕೆ ಮೋಡ? ಬೆಚ್ಚಗಿನ ಗಾಳಿ ಹಿಡಿದುಕೊಂಡಷ್ಟು ಆವಿಯನ್ನು ತಣ್ಣನೆಯ ಗಾಳಿ ಹಿಡಿದುಕೊಳ್ಳಲಾರದು, ಆದ್ದರಿಂದ ಅದು ಸಣ್ಣ ಸಣ್ಣ ಹನಿಯಾಗುತ್ತದೆ. ಇಷ್ಟು ಬಂದರೆ ಆಗುಂಬೆಯ ಪ್ರಶ್ನೆಗೆ ಅವಳೇ ಉತ್ತರ ಹೇಳುತ್ತಾಳೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತದೆ, ಗಾಳಿ ಮೇಲೇರಲೇಬೇಕು. ಆಗುಂಬೆ ಇರುವುದು ಘಟ್ಟದ ಅಂಚಿನಲ್ಲೇ. ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ. ಘಟ್ಟ ದಾಟಿದ ಗಾಳಿ ಕೆಳಗಿಳಿಯುವಾಗ ಮತ್ತೆ ಬೆಚ್ಚಗಾಗುತ್ತದೆ, ಅದರಲ್ಲಿ ತೇವವೂ ಅಷ್ಟು ಉಳಿದಿರುವುದಿಲ್ಲ. ಅದಕ್ಕೇ ಚಳ್ಳಕೆರೆ ಒಣಗಿರುತ್ತದೆ. ಎರಡೂ ಊರು ಒಂದೇ ವಿವರಣೆಯಲ್ಲಿ ಕೂತವು ನೋಡಿ.

ಇನ್ನು ‘ಕಾಡಿಗೆ ನೀರು ಬೇಕಲ್ಲ’ ಅನ್ನುವ ಉತ್ತರ. ಅದಕ್ಕೆ ನಗಬೇಡಿ. ನಮ್ಮ ‘ಯಾಕೆ’ ಎರಡು ಕೆಲಸ ಮಾಡುತ್ತದೆ. ‘ಪೇಟೆಗೆ ಯಾಕೆ ಹೋದೆ?’ ಅಂದರೆ ಉದ್ದೇಶ, ‘ಹಾಲು ಯಾಕೆ ಒಡೀತು?’ ಅಂದರೆ ಕಾರಣ. ಮಗು ಮೊದಲನೆಯದನ್ನು ಹಿಡಿದಿದೆ. ಮೋಡಕ್ಕೆ ಯಾವ ಉದ್ದೇಶವೂ ಇಲ್ಲ ಅಂತ ಭಾಷಣ ಮಾಡುವ ಬದಲು ಸುಮ್ನೆ ಪ್ರಶ್ನೆ ಬದಲಿಸಿ: ‘ಯಾವುದರಿಂದ ಹೀಗಾಯ್ತು?’ ಈ ಒಂದು ಪದದಿಂದ ಉತ್ತರದ ದಿಕ್ಕೇ ಬದಲಾಗುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಪ್ರಶ್ನೆ: ನಮ್ಮದು ನಲಿ-ಕಲಿ (ಚಟುವಟಿಕೆಯ ಮೂಲಕ ಕಲಿಸುವ) ತರಗತಿ. 3ನೇ ತರಗತಿ ಮಕ್ಕಳಿಗೆ ಹೀಗೆ ವಿವರಣೆ ಬರೆಸುವುದೆಲ್ಲ ಬೇಗ ಆಯ್ತಲ್ವಾ? ಬರವಣಿಗೆಯೇ ಇನ್ನೂ ನಿಧಾನ.
– ಶಿಕ್ಷಕ, ಕೊಪ್ಪಳ ಜಿಲ್ಲೆ

ಉತ್ತರ: ಬರೆಯಲು ಬೇಗ ಇರಬಹುದು, ಹೇಳಲು ಬೇಗ ಅಲ್ಲ ಸರ್. ಒಂದು ಸೈಕಲ್ ತಂದು ನಿಲ್ಲಿಸಿ. ಪೆಡಲ್, ಚೈನು, ಹಿಂದಿನ ಚಕ್ರ ಅಂತ ಮೂರು ಚೌಕ ಬರೆಸಿ, ನಡುವೆ ಬಾಣ ಹಾಕಿಸಿ. ಚೌಕದೊಳಗಿನ ಹೆಸರು ಎಲ್ಲರಿಗೂ ಬರುತ್ತದೆ. ಬಾಣದ ಮೇಲೆ ಏನು ಬರೆಯಬೇಕು ಅನ್ನುವುದೇ ಪಾಠ: ‘ಎಳೆಯುತ್ತದೆ’, ‘ತಿರುಗಿಸುತ್ತದೆ’. ಕಾಗುಣಿತ ತಪ್ಪಿದರೆ ಅವತ್ತಿನ ಮಟ್ಟಿಗೆ ಬಿಟ್ಟುಬಿಡಿ. ನಾನು ಒಮ್ಮೆ ಹೀಗೆ ಮಾಡಿಸುವಾಗ ಒಬ್ಬ ಹುಡುಗ ಬಾಣ ಹಾಕಲೇ ಇಲ್ಲ. ಪೆನ್ಸಿಲ್ ಕೆಳಗಿಟ್ಟು, ಎದ್ದು ಹೋಗಿ, ಸೈಕಲ್ಲಿನ ಚೈನು ತಪ್ಪಿಸಿ ಪೆಡಲ್ ತಿರುಗಿಸಿದ. ‘ನೋಡಿ ಸರ್, ಈಗ ಬರೀ ಇದೊಂದೇ ತಿರುಗುತ್ತೆ’ ಅಂದ.